ಆಮೆಗೆ ಕುಂಕುಮ ಹಚ್ಚಿದ ಚಂದ್ರಮತಿಯಕ್ಕ

ಅಷ್ಟು ವರ್ಷ ಅಬುಧಾಬಿಯಲ್ಲಿ ಸಂಸಾರ ಮಾಡಿದರೂ ಚಂದ್ರಮತಿಯಕ್ಕ ಎಲ್ಲೂ ಸುತ್ತಿದವಳಲ್ಲ. ಎಲೆಕ್ಟ್ರಾ ಸ್ಟ್ರೀಟಿನ ಹಿಂದಿನ ಓಣಿಯಲ್ಲಿ ಎರಡು ಕೋಣೆಯ ಮನೆ, ಕಿಟಕಿಯ ಪಕ್ಕ ಹೊಲಿಗೆ ಮಿಷನ್, ಆಚೀಚೆ ಮನೆಯ ಹೆಂಗಸರ ರವಿಕೆಗಳ ರಾಶಿ. ಗಂಡ ಪೂವಪ್ಪ ಅಲ್ ಮೀನಾದ ಮೀನು ಮಾರ್ಕೆಟಿನಲ್ಲಿ ಒಂದು ಅಂಗಡಿ ನೋಡಿಕೊಳ್ಳುತ್ತಿದ್ದ. ಇಷ್ಟರ ನಡುವೆ ಎಲ್ಲಿಯ ತಿರುಗಾಟ? ಮಲ್ಪೆಯ ಕಡಲ ದಂಡೆಯಲ್ಲಿ ಬೆಳೆದವಳಿಗೆ ಇಲ್ಲಿಯ ಸಮುದ್ರದ ಮೇಲೆ ತಾತ್ಸಾರ ಬೇರೆ. "ಅಲೆಯೇ ಇಲ್ಲ, ಇದೂ ಒಂದು ಕಡಲಾ? ದೊಡ್ಡ ಬೋಗುಣಿ!" ಎನ್ನುತ್ತಿದ್ದಳು.

ಅಂಥವಳು 2014ರ ಏಪ್ರಿಲಿನಲ್ಲಿ ಕಾಡುಪ್ರಾಣಿಗಳನ್ನು ಸಾಕಿ ಬಿಟ್ಟಿರುವ ಸರ್ ಬನಿ ಯಾಸ್ ದ್ವೀಪಕ್ಕೆ ಹೊರಟಳೆಂದರೆ ಅದು ಮಗಳ ಹಟ. ನಿಖಿತಾ ದುಬೈಯ ಡಿಸ್ಕವರಿ ಗಾರ್ಡನ್ಸಿನಲ್ಲಿ ಗಂಡ ರಿತೇಶನ ಜೊತೆ ಇದ್ದಳು. ಚೊಚ್ಚಲ ಬಸುರಿ, ಏಳು ತಿಂಗಳು. ರಿತೇಶನ ಕಂಪನಿಯವರು ಬಹುಮಾನವೆಂದು ಅಲ್ಲಿಯ ಹೋಟೆಲಿನಲ್ಲಿ ಎರಡು ದಿನದ ವಾಸ ಕೊಟ್ಟಿದ್ದರು. ಪೂವಪ್ಪ ಮಾತ್ರ ಬರಲಿಲ್ಲ. "ಶುಕ್ರವಾರ ಮೀನು ಬಿಟ್ಟು ಜಿಂಕೆ ನೋಡ್ಲಿಕ್ಕೆ ಬರುವುದಾ? ನೀವು ಹೋಗಿ ಬನ್ನಿ ಮಾರಾಯ್ರೆ" ಎಂದುಬಿಟ್ಟ.

ದಾರಿಯುದ್ದಕ್ಕೂ ಅದೇ ಹಳೇ ಜಗಳ. ಮುಂದಿನ ಬುಧವಾರಕ್ಕೆ ತಾಯಿ ಮಗಳಿಬ್ಬರಿಗೂ ಮಂಗಳೂರಿಗೆ ಟಿಕೆಟ್ ಆಗಿತ್ತು. ಮಗಳನ್ನು ಕೇಳಿ ಮಾಡಿದ್ದಲ್ಲ, ಚಂದ್ರಮತಿಯಕ್ಕ ಮಾಡಿಸಿ ಆಮೇಲೆ ಹೇಳಿದ್ದು.

"ಅಮ್ಮ, ನನ್ನ ಡಾಕ್ಟರ್ ಇಲ್ಲಿ, ಗಂಡ ಇಲ್ಲಿ, ನೀನೂ ಇಲ್ಲೇ. ಮಲ್ಪೆಯಲ್ಲಿ ನನಗೆ ಎಂತ ಉಂಟು? ಪ್ಲೀಸ್!"

"ಮಾವನ ಮನೆ ಉಂಟು, ಅತ್ತೆಯಂದಿರು ಇದ್ದಾರೆ, ಅಜ್ಜಿ ಇದ್ದಾರೆ. ಬಾಣಂತಿ ಅಂದ್ರೆ ನಾಲ್ಕು ಜನ ಹೆಂಗಸರು ಬೇಕು. ನಿನಗೆ ಗೊತ್ತಾಗುದಿಲ್ಲ. ಸುಮ್ಮನೆ ಬಾ, ಮನೆಗೆ ಹೋಗುವಾ."

ಮಗಳ ಕಣ್ಣಲ್ಲಿ ನೀರು ಬಂತು. ಚೊಚ್ಚಲು ನೋಡಿ, ಹೆದರಿಕೊಂಡಿದ್ದಾಳೆ ಎಂದು ತಾಯಿ ತಲೆ ಸವರಿದಳು. ರಿತೇಶ ಪಾಪ, ಯಾರ ಪಕ್ಷವನ್ನೂ ವಹಿಸದೆ ಕಾರು ಓಡಿಸಿದ.

ಈ ಹೆಂಗಸಿಗೆ ಇಷ್ಟು ಮೊಂಡುತನ ಎಲ್ಲಿಂದ ಬಂತು ಎಂದು ಕೇಳುವವರಿಗೆ ಹೇಳುತ್ತೇನೆ. ನಿಖಿತಾ ಹುಟ್ಟಿದ್ದು ಅಬುಧಾಬಿಯಲ್ಲೇ. ಚಂದ್ರಮತಿ ಆಗ ಮದುವೆಯಾಗಿ ಬಂದ ಹೊಸ ಹುಡುಗಿ. ನೋವು ಶುರುವಾದಾಗ ಪೂವಪ್ಪ ಬಂದರಿನಲ್ಲಿದ್ದ. ಕರೆಯಲು ಫೋನಿಲ್ಲ, ಪಕ್ಕದ ಮನೆಯವರ ಹೆಸರೂ ಗೊತ್ತಿಲ್ಲ. ಒಬ್ಬಳೇ ಟ್ಯಾಕ್ಸಿ ಹತ್ತಿ ಆಸ್ಪತ್ರೆಗೆ ಹೋದಳು. ಅಲ್ಲಿಯವರು ಹೇಳಿದ್ದು ಇವಳಿಗೆ ತಿಳಿಯದು, ಇವಳು ತುಳುವಿನಲ್ಲಿ ಕಿರುಚಿದ್ದು ಅವರಿಗೆ ತಿಳಿಯದು. ಹಿಡಿದುಕೊಳ್ಳಲು ಒಂದು ಕೈ ಇರಲಿಲ್ಲ, ಮಂಚದ ಕಬ್ಬಿಣವನ್ನೇ ಹಿಡಿದುಕೊಂಡಳು. ಮಗು ಹುಟ್ಟಿದಾಗ ಯಾರಿಗೆ ತೋರಿಸುವುದೆಂದು ತಿಳಿಯದೆ ಗೋಡೆ ನೋಡಿ ಅತ್ತಳು. ಅವತ್ತಿನಿಂದ ಯಾವ ಹೆರಿಗೆ ಆಸ್ಪತ್ರೆಯ ಮೆಟ್ಟಿಲನ್ನೂ ಹತ್ತಲಿಲ್ಲ. ಗೆಳತಿ ಜೋಸ್ಫಿನ್ ಹೆತ್ತಾಗಲೂ ಮನೆಗೆ ಬಂದ ಮೇಲೆಯೇ ನೋಡಿದ್ದು. ತನ್ನ ಮಗಳಿಗೆ ಆ ಗತಿ ಬರಕೂಡದು, ಅಷ್ಟೇ ಅವಳ ಲೆಕ್ಕ.

ದೋಣಿಯಲ್ಲಿ ದಾಟಿ ದ್ವೀಪಕ್ಕೆ ಇಳಿದವಳಿಗೆ ಬಾಯಿ ಮುಚ್ಚಲು ಆಗಲಿಲ್ಲ. ಜೀಪಿನ ಮುಂದೆಯೇ ಜಿಂಕೆಯಂಥ, ಉದ್ದ ಕೊಂಬಿನ ಬಿಳಿ ಓರಿಕ್ಸ್‌ಗಳ ಹಿಂಡು, ಆಚೆ ಸಮುದ್ರದಲ್ಲಿ ಕಯಾಕ್ ದೋಣಿಗೆ ಹುಟ್ಟು ಹಾಕುವ ಬಿಳಿಯರು, ಈಚೆ ಮುಳ್ಳುಮರದ ತುದಿ ತಿನ್ನುತ್ತಾ ನಿಂತ ಜಿರಾಫೆ.

"ಅಯ್ಯಯ್ಯೋ, ಈ ಮರಳಿಗೆ ಜಿರಾಫೆಯಾ? ಇದಕ್ಕೆ ವೀಸಾ ಕೊಟ್ಟದ್ದು ಯಾರು ಮಾರಾಯಾ?"

ಜೀಪು ಓಡಿಸುತ್ತಿದ್ದ ವಿಲ್ಫ್ರೆಡ್ ನಕ್ಕ. ಮಲ್ಪೆಯ ಹತ್ತಿರದ ಕಲ್ಯಾಣಪುರದವನು, ದ್ವೀಪದಲ್ಲಿ ಗೈಡ್. "ಅದು ಆಫ್ರಿಕಾದಿಂದ ಬಂದದ್ದು ಅಕ್ಕ. ನಮ್ಮ ಹಾಗೆಯೇ" ಎಂದ. ಆಮೇಲೆ ಉಳಿದ ಪ್ರವಾಸಿಗಳಿಗೆ ಇಂಗ್ಲಿಷಿನಲ್ಲಿ ಏನೇನೋ ವಿವರಿಸಿದ. ಇವಳ ಕಿವಿ ಅತ್ತ ಇರಲಿಲ್ಲ. ಬುಧವಾರಕ್ಕೆ ಮಗಳ ಪೆಟ್ಟಿಗೆಯಲ್ಲಿ ಏನೇನು ತುಂಬಬೇಕೆಂದು ಯೋಚಿಸುತ್ತಿದ್ದಳು.

ಮರುದಿನ ಬೆಳಕು ಹರಿಯುವಾಗ ಚಂದ್ರಮತಿಯಕ್ಕ ಒಬ್ಬಳೇ ದಂಡೆಗೆ ಇಳಿದಳು. ಹತ್ತಿಪ್ಪತ್ತು ಹೆಜ್ಜೆ ಹೋಗಿರಬೇಕು, ಮರಳಿನ ಮೇಲೆ ಏನೋ ಅಲುಗಾಡಿತು. ಕಡಲಾಮೆ! ದೊಡ್ಡ ಹರಿವಾಣದಷ್ಟು ಬೆನ್ನು. ನೀರು ಬಿಟ್ಟು ಮೇಲೆ ಮೇಲೆ ತೆವಳುತ್ತಿತ್ತು, ಏದುಸಿರು ಬಿಡುತ್ತಿತ್ತು. ಬಗ್ಗಿ ನೋಡಿದರೆ ಎರಡೂ ಕಣ್ಣಿನಲ್ಲಿ ಧಾರಾಳ ನೀರು.

ಮೀನು ಹಿಡಿಯುವ ಮೊಗವೀರರ ಮನೆಯ ಹುಡುಗಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮಲ್ಪೆಯಲ್ಲಿ ಬಲೆಗೆ ಆಮೆ ಬಿದ್ದರೆ ಅವಳ ಅಪ್ಪ ಬಲೆಯನ್ನೇ ಕತ್ತರಿಸಿ ಬಿಡಿಸುತ್ತಿದ್ದರು. ಬೆನ್ನಿಗೆ ಅರಿಶಿನ ಕುಂಕುಮ ಹಚ್ಚಿ, ತಪ್ಪಾಯಿತು ಎಂದು ಕೈಮುಗಿದು, ತಲೆ ಕಡಲಿನ ಕಡೆಗೆ ಮಾಡಿ ಬಿಡುವುದು. ಆಮೆಯನ್ನು ಕಡಲಿಗೆ ಮುಟ್ಟಿಸಿದರೆ ಮನೆಗೆ ಒಳ್ಳೆಯದು. ಮಗಳ ಹೆರಿಗೆಯ ಹೊತ್ತಿಗೆ ದೇವರೇ ಕಳಿಸಿದ ಹಾಗಾಯಿತಲ್ಲ ಎಂದುಕೊಂಡಳು. ಪರ್ಸಿನಿಂದ ಕುಂಕುಮದ ಡಬ್ಬಿ ತೆಗೆದು ಬೆನ್ನಿಗೆ ದೊಡ್ಡ ಬೊಟ್ಟು ಇಟ್ಟಳು.

"ದಾರಿ ತಪ್ಪಿತಾ ನಿನಗೆ? ಅಳಬೇಡ. ಬಾ, ಮನೆಗೆ ಹೋಗುವಾ."

ಚಿಪ್ಪಿನ ಅಂಚು ಹಿಡಿದು, ಸೊಂಟ ಹಿಡಿದುಕೊಳ್ಳುವಷ್ಟು ಬಲ ಹಾಕಿ ಅದನ್ನು ತಿರುಗಿಸಿದಳು. ಆಮೆ ಕಾಲು ಕೊಟ್ಟು ನಿಂತಿತು, ಮತ್ತೆ ಮೇಲಕ್ಕೇ ಹೊರಟಿತು. ಇವಳು ಬಿಡಬೇಕಲ್ಲ! ಮತ್ತೆ ತಿರುಗಿಸಿದಳು, ಹಿಂದಿನಿಂದ ತಳ್ಳಿದಳು. ಕೊನೆಗೆ ಅದು ಸೋತು ನೀರಿಗೆ ಇಳಿದು ಮರೆಯಾಯಿತು. ಚಂದ್ರಮತಿಯಕ್ಕ ಬೆವರು ಒರೆಸಿಕೊಂಡು ಕೈಮುಗಿದಳು.

"ಅಕ್ಕಾ! ಎಂತ ಮಾಡಿದ್ರಿ ಅಕ್ಕಾ!"

ವಿಲ್ಫ್ರೆಡ್ ಓಡಿ ಬರುತ್ತಿದ್ದ. ಅವನ ಹಿಂದೆ ಹೊಟ್ಟೆ ಹಿಡಿದುಕೊಂಡು ನಿಖಿತಾ.

"ಕಡಲಿಗೆ ಬಿಟ್ಟೆ. ದಾರಿ ತಪ್ಪಿ ಬಂದಿತ್ತು, ಪಾಪ."

"ದಾರಿ ತಪ್ಪಿ ಅಲ್ಲ! ಅದು ಮೊಟ್ಟೆ ಇಡ್ಲಿಕ್ಕೆ ಬಂದದ್ದು. ನಿನ್ನೆ ಜೀಪಿನಲ್ಲಿ ಹೇಳಿದ್ದೆನಲ್ಲ, ಹತ್ತಿರ ಹೋಗ್ಬೇಡಿ ಅಂತ!"

ಚಂದ್ರಮತಿಯಕ್ಕ ತನ್ನ ಕಣ್ಣಿಗೆ ಬೆರಳು ಮುಟ್ಟಿಸಿ ತೋರಿಸಿದಳು. "ಅದು ಅಳ್ತಾ ಇತ್ತು ಮಾರಾಯಾ. ನಾನೇ ನೋಡಿದೆ."

"ಅಳುವುದಲ್ಲ ಅಕ್ಕ. ಅದರ ಮೈಯ ಉಪ್ಪು ಕಣ್ಣಿನಿಂದ ಹೋಗುವುದು. ಅದಕ್ಕೆ ಹೆದರಿಕೆ ಇರ್ಲಿಲ್ಲ. ಎಲ್ಲಿ ಇಡಬೇಕೂಂತ ಅದಕ್ಕೆ ಗೊತ್ತಿತ್ತು. ಎಷ್ಟು ವರ್ಷ ಎಲ್ಲೆಲ್ಲಿ ತಿರುಗಿದ್ರೂ ಹೆಚ್ಚಾಗಿ ಹುಟ್ಟಿದ ದಂಡೆಯ ಹತ್ತಿರಕ್ಕೇ ಬರ್ತವೆ."

"ಇನ್ನೊಮ್ಮೆ ಬರ್ತದಲ್ಲ?"

"ಬಂದ್ರೆ ಬಂತು. ತುಂಬಾ ಹೆದರಿದ್ರೆ ನೀರಿನಲ್ಲೇ ಬಿಟ್ಟುಬಿಡ್ತದೆ. ನೀರಿಗೆ ಬಿದ್ದ ಮೊಟ್ಟೆ ಉಳಿಯುವುದಿಲ್ಲ."

 ಚಂದ್ರಮತಿಯಕ್ಕ ಅಲ್ಲೇ ಮರಳಿನಲ್ಲಿ ಕುಳಿತಳು. ದೇವರೇ, ಬಸುರಿಯನ್ನು ಹೊಸ್ತಿಲಿನಿಂದ ತಳ್ಳಿದೆನಲ್ಲ! ಅದೂ ಕುಂಕುಮ ಇಟ್ಟು, ಕೈಮುಗಿದು, ಪ್ರೀತಿಯಿಂದ. ತಿರುಗಿ ನಿಂತಿತ್ತು ಪಾಪದ ಜೀವ, ಬೇಡ ಬೇಡ ಎಂದು. ಕೇಳಿದೆನಾ ನಾನು? ಅಂಗೈ ನೋಡಿಕೊಂಡಳು, ಕೆಂಪು ಹಾಗೇ ಇತ್ತು. ಮರಳಿಗೆ ಉಜ್ಜಿದಳು, ಹೋಗಲಿಲ್ಲ.

ವಿಲ್ಫ್ರೆಡ್ ಫೋನಿನಲ್ಲಿ ಯಾರಿಗೋ ವಿಷಯ ತಿಳಿಸುತ್ತಾ ದೂರ ಹೋದ. ನಿಖಿತಾ ಕಷ್ಟಪಟ್ಟು ತಾಯಿಯ ಪಕ್ಕ ಕುಳಿತಳು.  ಹಂಗಿಸಬಹುದಿತ್ತು, ಹಂಗಿಸಲಿಲ್ಲ, ಅವಳ ದೊಡ್ಡ ಗುಣ.

"ಮಗಾ," ಎಂದಳು ಚಂದ್ರಮತಿಯಕ್ಕ. "ನಿನ್ನ ಹೆರಿಗೆ ಎಲ್ಲಿ ಆಗ್ಬೇಕು?"

ನಿಖಿತಾ ತಾಯಿಯ ಮುಖವನ್ನೇ ನೋಡಿದಳು. ಇಷ್ಟು ದಿನದಲ್ಲಿ ಅಮ್ಮ ಈ ಪ್ರಶ್ನೆ ಕೇಳಿದ್ದು ಇದೇ ಮೊದಲು.

"ಇಲ್ಲೇ ಅಮ್ಮ. ನನಗೆ ಹೆದರಿಕೆ ಇಲ್ಲ. ಹೆದರಿಕೆ ಇರುವುದು ನಿನಗೆ."

"ಹೌದು" ಎಂದಳು ತಾಯಿ. "ನನಗೇ."

"ನಾಲ್ಕು ಜನ ಬೇಡ ನನಗೆ. ನೀನು ಒಬ್ಬಳು ಸಾಕು. ಆದರೆ ಹೊರಗೆ ಬೆಂಚಿನಲ್ಲಿ ಕೂತ್ಕೊಳ್ಳುವ ಹಾಗಿಲ್ಲ. ಒಳಗೆ ಬರಬೇಕು."

ಒಳಗೆ. ಆ ಮಂಚ, ಆ ಕಬ್ಬಿಣ, ಆ ಗೋಡೆ. ಚಂದ್ರಮತಿಯಕ್ಕ ನೀರಿನ ಕಡೆ ನೋಡಿದಳು. ಆಮೆ ಬರಲಿಲ್ಲ, ಸಮುದ್ರ ಬೋಗುಣಿಯ ನೀರಿನಂತೆ ಸುಮ್ಮನಿತ್ತು. ಅವಳು ಕುಂಕುಮ ಹತ್ತಿದ ಕೈಯನ್ನೇ ಮಗಳ ಮುಂದೆ ಚಾಚಿದಳು.

"ಬರ್ತೇನೆ. ಈ ಕೈ ಹಿಡ್ಕೊ. ಮಂಚ ಹಿಡಿಯಬೇಡ."