ಚಿಲಕ ಹಾಕಿದ ಸ್ನಾನ

ಲಂಡನ್ನಿನ ಪಿನ್ನರಿನಲ್ಲಿರುವ ನಮ್ಮ ಮನೆಯಲ್ಲಿ, ನೀರನ್ನೂ ಕೋಣೆಗಳನ್ನೂ ಬಿಸಿ ಮಾಡುವ ಬಾಯ್ಲರ್ ಜನವರಿಯ ಒಂದು ಶುಕ್ರವಾರ ಕೆಟ್ಟಿತು. ರಿಪೇರಿಯವನು ಸೋಮವಾರ ಬರುತ್ತೇನೆಂದ. ಹತ್ತಿರದ ವೆಂಬ್ಲಿ ಕ್ರೀಡಾಂಗಣದಲ್ಲಿ ದೊಡ್ಡ ಫುಟ್‌ಬಾಲ್ ಪಂದ್ಯವಿತ್ತು. ಸುತ್ತಲಿನ ಸಾಧಾರಣ ಹೋಟೆಲುಗಳೆಲ್ಲ ಭರ್ತಿ. ಸಿಕ್ಕಿದ್ದು ಥೇಮ್ಸ್ ದಂಡೆಯ ಒಂದು ಹೋಟೆಲು. ಬಾಡಿಗೆ ನೋಡಿ ನನ್ನ ಗಂಡ, "ಇಷ್ಟಕ್ಕೆ ಬೆಂಗಳೂರಿಗೇ ಹೋಗಿ ಸ್ನಾನ ಮಾಡ್ಕೊಂಡು ಬರಬಹುದಿತ್ತು" ಎಂದ. ಆದರೆ ಧಾರವಾಡದಿಂದ ಬಂದಿದ್ದ ನನ್ನ ಅವ್ವನಿಗೆ ಎಪ್ಪತ್ನಾಲ್ಕು ವರ್ಷ. ಅವಳನ್ನು ತಣ್ಣಗಿನ ಮನೆಯಲ್ಲಿ ಇಡುವಂತಿರಲಿಲ್ಲ. ಅವ್ವ, ಗಂಡ, ಮಗಳು, ನಾನು, ನಾಲ್ವರೂ ಹೋದೆವು.

ಹೋಟೆಲು ದುಬಾರಿ ಎಂದು ದೂರಲು ಕಾರಣಗಳಿದ್ದವು. ಕುಡಿಯುವ ನೀರಿನ ಬಾಟಲಿಗೂ ಬೇರೆ ದುಡ್ಡು. ಆದರೂ ಆ ಹಾಸಿಗೆಯ ಮೇಲೆ ಕೂತ ಮೇಲೆ ದೂರುವ ಉತ್ಸಾಹ ಇಳಿಯಿತು. ಬಚ್ಚಲಿನ ನೆಲ ಕೂಡ ಬೆಚ್ಚಗಿತ್ತು. ಹತ್ತು ವರ್ಷದ ಮಗಳು ಅಲ್ಲೇ ಅಂಗಾತ ಮಲಗಿ, "ಅಜ್ಜಿ, ದಿ ಫ್ಲೋರ್ ಈಸ್ ವಾರ್ಮ್!" ಎಂದು ಕೂಗಿದಳು. ಅವ್ವ ಪಾದವಿಟ್ಟು ನೋಡಿ, "ಹೌದಲ್ಲಾ! ಕೆಳಗ ಒಲಿ ಹಚ್ಯಾರೇನು?" ಎಂದಳು.

ಹಿಂದಿನ ವರ್ಷ ಅವ್ವ ಧಾರವಾಡದ ಮನೆಯ ಬಚ್ಚಲಲ್ಲಿ ಜಾರಿ ಬಿದ್ದಿದ್ದಳು. ಒಳಗಿನಿಂದ ಚಿಲಕ ಹಾಕಿತ್ತು. ಬಾಗಿಲು ಒಡೆಯುವವರೆಗೆ ಅವಳು ಒದ್ದೆ ನೆಲದ ಮೇಲೆಯೇ ಇದ್ದಳು. ಅಂದಿನಿಂದ ಅವಳು ಸ್ನಾನ ಮಾಡುವಾಗ ಚಿಲಕವಿಲ್ಲ, ಹೊರಗೆ ಒಬ್ಬರು ಕಾವಲು. ನಿಯಮ ಮಾಡಿದವಳು ನಾನು. ಅವಳು ಎದುರಾಡಿರಲಿಲ್ಲ. ಆದರೆ ಸ್ನಾನವನ್ನು ಐದು ನಿಮಿಷಕ್ಕೆ ಇಳಿಸಿದ್ದಳು, ಸೋಪಿನ ನೊರೆ ಕಿವಿಯ ಹಿಂದೆ ಉಳಿದಿರುತ್ತಿತ್ತು.

ಶನಿವಾರ ಬೆಳಿಗ್ಗೆ ತೊಡಕು ಎದುರಾಯಿತು. ಶವರ್ ನೇರ ಛಾವಣಿಯಿಂದ ಸುರಿಯುತ್ತಿತ್ತು. "ಇವತ್ತ ಮೈಗಷ್ಟ ನೀರು. ತಲಿಗೆ ಹಾಕ್ಕೊಂಡ್ರ ನೆಗಡಿ ಹಿಡೀತದ" ಎಂದಳು ಅವ್ವ. ಟಬ್ಬಿನ ಅಂಚು ಅವಳ ಮೊಣಕಾಲಿಗಿಂತ ಎತ್ತರ. ಬಕೆಟ್ ಬೇಕೆಂದಳು. ಮಗಳು ಹೋಟೆಲಿನವರಿಗೆ ಫೋನ್ ಮಾಡಿ, ಒಂದು ಬಕೆಟ್ ಕಳಿಸಿ ಎಂದು ಕೇಳಿದಳು.

ಹತ್ತು ನಿಮಿಷದಲ್ಲಿ ಕಪ್ಪು ಕೋಟಿನವನೊಬ್ಬ ಬಿಳಿ ಬಟ್ಟೆ ಹೊದಿಸಿದ ತಟ್ಟೆ ತಂದ. ಅದರ ಮೇಲೆ ಪಾನೀಯ ತಣ್ಣಗಿಡಲು ಕೊಡುವ, ಬೆಳ್ಳಿಯಂತೆ ಹೊಳೆಯುವ ಪುಟ್ಟ ಬಕೆಟ್, ಅದರ ತುಂಬ ಐಸು, ಜೊತೆಗೊಂದು ಚಿಮಟ.

ಅವ್ವ ಇಣುಕಿ ನೋಡಿದಳು. "ಯವ್ವಾ, ಇದರಾಗ ಜಳಕಾ ಮಾಡಿಸಿ ನನ್ನನ್ನ ಮ್ಯಾಲಕ್ಕ ಕಳಸೂ ವಿಚಾರ ಏನು?"

ಗಂಡ ನಗು ತಡೆಯಲಾರದೆ ಕಿಟಕಿಯ ಕಡೆ ತಿರುಗಿದ. ನಾನು ಮತ್ತೆ ಫೋನ್ ಎತ್ತಿಕೊಂಡೆ. ಅಷ್ಟರಲ್ಲಿ ಅವ್ವ ಐಸನ್ನು ಬೇಸಿನ್ನಿಗೆ ಸುರಿದು, ಬಕೆಟನ್ನು ಒಂದೇ ಕೈಯಲ್ಲಿ ಎತ್ತಿ ಭಾರ ನೋಡುತ್ತಿದ್ದಳು.

"ಇರ್ಲಿ ಬಿಡ. ಛಲೋ ತಂಬಿಗಿ ಆತು."

"ತಂಬಿಗಿ ಆತು, ಬಕೆಟ್ ಎಲ್ಲೈತವ್ವಾ?"

"ಕಣ್ಣ ಮುಂದನ ಅಷ್ಟ ದೊಡ್ಡ ಹಂಡೆ ಕೂಡಿಸ್ಯಾರ" ಎಂದು ಟಬ್ಬನ್ನು ತೋರಿಸಿದಳು.

ಅವಳು ಹೇಳಿದ್ದು ಸರಿಯಾಗಿತ್ತು. ಶವರಿಗೂ ಟಬ್ಬಿಗೂ ನಡುವೆ ಗೋಡೆಯಿರಲಿಲ್ಲ. ನೆಲದ ಕಲ್ಲು ಒರಟಾಗಿತ್ತು, ನೀರು ತಾನೇ ಹರಿದುಹೋಗುವಂತಿತ್ತು. ಮರದ ಸ್ಟೂಲೂ ಇತ್ತು. ಟಬ್ಬಿಗೆ ಬಿಸಿನೀರು ತುಂಬಿಸಿ, ಸ್ಟೂಲನ್ನು ಪಕ್ಕಕ್ಕೆಳೆದೆ. ಕೂತಲ್ಲಿಂದಲೇ ಮೊಗೆದು ಹಾಕಿಕೊಳ್ಳಬಹುದು. ಎಲ್ಲೂ ಕಾಲೆತ್ತಬೇಕಿಲ್ಲ.

"ಇನ್ನ ನೀ ಹೊರಗ ನಡಿ. ಚಿಲಕಾ ಹಾಕ್ಕೋತೀನಿ."

"ಬ್ಯಾಡವ್ವಾ."

"ಹೆಂಗ ಬಿದ್ದೆ ಅನ್ನೂದು ನಿನಗಿಂತ ನನಗ ಗೊತ್ತದ. ನಿಂತ ಬಿದ್ದೆ. ಇಲ್ಲೆ ಕೂಡತೀನಿ."

ನಾನು ಗಂಡನ ಮುಖ ನೋಡಿದೆ. "ಅತ್ತೆ, ಆಗಾಗ ಕೂಗ್ತಿರಿ ಅಷ್ಟೇ" ಎಂದ ಅವನು.

"ಆಗಲ್ರಿ" ಎಂದು ಅಳಿಯನಿಗೆ ಮರ್ಯಾದೆಯಿಂದ ಹೇಳಿ, ಅವ್ವ ನನ್ನ ಮುಖದ ಮುಂದೆ ಬಾಗಿಲು ಹಾಕಿದಳು.

ಚಿಲಕ ಬಿತ್ತು. ನೀರಿನ ಸದ್ದು ಬಂತು, ನಿಂತಿತು. ನಾನು "ಅವ್ವಾ?" ಎಂದೆ.

"ಬೆನ್ನು ತಿಕ್ಕೋಳಾಕತ್ತೀನಿ. ಅದನ್ನೂ ವರದಿ ಮಾಡಬೇಕೇನು?"

ಮುಕ್ಕಾಲು ಗಂಟೆ ಒಳಗಿದ್ದಳು. ಹೊರಬಂದಾಗ ಮುಖ ಕೆಂಪಗಿತ್ತು, ಕಿವಿಯ ಹಿಂದೆ ಸೋಪಿರಲಿಲ್ಲ.

ಭಾನುವಾರ ನನಗೆ ಎಚ್ಚರವಾಗುವಷ್ಟರಲ್ಲಿ ಅವಳ ಹಾಸಿಗೆ ಖಾಲಿಯಿತ್ತು. ಬಚ್ಚಲ ಬಾಗಿಲನ್ನು ಮೆಲ್ಲಗೆ ತಳ್ಳಿದೆ, ತೆರೆಯಲಿಲ್ಲ. ಒಳಗೆ ನೀರು ಬೀಳುತ್ತಿತ್ತು. ಎರಡು ಸಲ ಕೂಗಬೇಕೆನಿಸಿತು, ಕೂಗಲಿಲ್ಲ. ಬಳಿಕ ಗಂಡನನ್ನೂ ಮಗಳನ್ನೂ ಎಬ್ಬಿಸಿದೆ. ಅವ್ವನಿಗೆ ಒಂದು ಚೀಟಿ ಬರೆದಿಟ್ಟು, ಮೂವರೂ ತಿಂಡಿಗೆ ಕೆಳಗಿಳಿದೆವು.