ನಾನು ಮುಟ್ಟದ ಕಾಫಿಪುಡಿ

ನಾನು ಕಾಫಿಪುಡಿ ವ್ಯಾಪಾರಿ. ಆದರೆ ನನ್ನ ಅಂಗಡಿಯಲ್ಲಿ ಕಾಫಿಪುಡಿಯೇ ಇಲ್ಲ. ಸಕಲೇಶಪುರದ ಒಂದು ಮಹಡಿ ಕೋಣೆ, ಮೇಜು, ಫೋನು, ಇಷ್ಟೇ ಅಂಗಡಿ. ಎಲ್ಲಿಂದಲೋ ಆರ್ಡರ್ ಬರುತ್ತದೆ, ನಾನು ವಿಳಾಸವನ್ನು ಯಸಳೂರಿನ ಲಿಲ್ಲಿಬಾಯಿಗೆ ಕಳಿಸುತ್ತೇನೆ. ಅವರು ಮನೆಯಲ್ಲೇ ಹುರಿದು, ಪುಡಿಮಾಡಿ, ನನ್ನ ಹೆಸರಿನ ಚೀಟಿ ಅಂಟಿಸಿ ಅಲ್ಲಿಂದಲೇ ಕೊರಿಯರ್‌ಗೆ ಕೊಡುತ್ತಾರೆ. ಘಮ ಅವರಿಗೆ, ರುಚಿ ಗಿರಾಕಿಗೆ. ನನಗೆ ಬರುವುದು ‘ತಲುಪಿದೆ’ ಎಂಬ ಸಂದೇಶ ಮಾತ್ರ.

ಬಳ್ಳಾರಿಯ ಶಾರದಮ್ಮ ನನ್ನ ಹಳೆಯ ಗಿರಾಕಿ. ಅವರ ತಂದೆ ಹೆಗ್ಗದ್ದೆ ಕಡೆಯ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರಂತೆ. ಮದುವೆಯಾಗಿ ಹೋದವರು ಮತ್ತೆ ಈ ಕಡೆ ಬಂದಿಲ್ಲ. ಅರ್ಧ ಕೆಜಿ ಪುಡಿ ಹೇಳುವುದಕ್ಕೆ ತಿಂಗಳಿಗೊಮ್ಮೆ ಅರ್ಧ ಗಂಟೆ ಮಾತಾಡುವರು. ತೋಟದಲ್ಲಿ ಹೂವಾಯಿತೇ ಎಂದು ಕೇಳುವರು. ಕಿಟಕಿಯಿಂದ ಬಸ್ ಸ್ಟ್ಯಾಂಡ್ ಮಾತ್ರ ಕಾಣುವ ನಾನು, ಆಗಿದೆ ಎಂದು ಧೈರ್ಯವಾಗಿ ಹೇಳಿಬಿಡುತ್ತಿದ್ದೆ.

ಒಮ್ಮೆ ಅವರು, “ಇದನ್ನ ಹುರಿಯೋರು ಯಾರಪ್ಪ? ನಮ್ಮಮ್ಮ ಹುರ್ದಂಗೇ ಐತೆ. ಒಂದ್ಸಲ ಮಾತಾಡ್ಸು” ಎಂದರು. ನಾನು ಮಾತು ಮರೆಸಿದೆ. ಕಳಿಸುವವರಿಗೂ ಕೊಳ್ಳುವವರಿಗೂ ಪರಿಚಯವಾದರೆ ನಡುವೆ ಕೂತವನ ಗತಿಯೇನು? ಅದಕ್ಕೇ ಚೀಟಿಯ ಮೇಲೆ ಗಿರಾಕಿಯ ಫೋನ್ ನಂಬರ್ ಬದಲು ನನ್ನದನ್ನೇ ಹಾಕಿಸುವಷ್ಟು ಜಾಣ ನಾನು.

ಆದರೆ ಅದೇ ವಾರ ಲಿಲ್ಲಿಬಾಯಿ, ಬೇರೇನೋ ಮಾತಿನ ನಡುವೆ, “ಇಷ್ಟು ವರ್ಷದಿಂದ ಹುರೀತಾ ಇದೀನಿ. ಚೆನ್ನಾಗೈತೆ ಅಂತ ಒಬ್ರ ಬಾಯಲ್ಲೂ ಕೇಳಿಲ್ಲ ಕಣ್ರೀ” ಎಂದರು. ದೂರೇನಲ್ಲ, ಸುಮ್ಮನೆ ಹೇಳಿದ್ದು. ಆ ಹೊಗಳಿಕೆಯನ್ನೆಲ್ಲ ಫೋನಿನಲ್ಲಿ ಕೇಳಿ ಇಟ್ಟುಕೊಂಡವನು ನಾನು. ಎರಡು ದಿನ ತಡೆದುಕೊಂಡೆ. ಮೂರನೆಯ ದಿನ ಶಾರದಮ್ಮನ ನಂಬರ್ ಕೊಟ್ಟೆ.

ಮುಂದಿನ ತಿಂಗಳು ಶಾರದಮ್ಮನ ಫೋನ್ ಬರಲಿಲ್ಲ. ಆರ್ಡರ್ ನೇರ ಯಸಳೂರಿಗೇ ಹೋಗುವುದೆಂದು ಗೊತ್ತಿತ್ತು. ಆ ಅರ್ಧ ಗಂಟೆಗಾಗಿ ನಾನು ಹೀಗೆ ಹಂಬಲಿಸುವೆನೆಂದು ಮಾತ್ರ ಗೊತ್ತಿರಲಿಲ್ಲ. ಫೋನನ್ನು ಎತ್ತಿ ನೋಡಿ ಇಡುವುದೇ ಕೆಲಸವಾಯಿತು.

ಕೊನೆಗೊಂದು ಬೆಳಿಗ್ಗೆ ಯಸಳೂರಿನ ಬಸ್ ಹತ್ತಿದೆ. ದಾರಿಯುದ್ದಕ್ಕೂ ತೋಟಗಳು ಬೆಳ್ಳಗೆ ಹೂವಾಗಿದ್ದವು. ಹೇಳೋಣವೆಂದರೆ ಕೇಳುವವರಿಲ್ಲ.

ಲಿಲ್ಲಿಬಾಯಿ ಜಗುಲಿಯಲ್ಲಿ ಫೋನ್ ಹಿಡಿದು ನಗುತ್ತಿದ್ದರು. “ಅಕ್ಕ, ಯಾರ್ ಬಂದವ್ರೆ ಹೇಳಿ” ಎಂದು ಆ ಕಡೆಯ ಶಾರದಮ್ಮನಿಗೆ ಹೇಳಿ, ನನಗೆ ಬೆಂಚು ತೋರಿಸಿ ಒಳಗೆ ಹೋದರು. ಹುರಿದ ಬೀಜದ ಘಮ ಬಾಗಿಲು ದಾಟಿ ಬಂತು. ಆಮೇಲೆ ಬಾಗಿಲಿಂದ ಇಣುಕಿ, ಸಕ್ಕರೆ ಎಷ್ಟು ಹಾಕಲಿ ಎಂದು ಕೇಳಿದರು.

ಇಷ್ಟು ವರ್ಷ ಆ ಪುಡಿ ಮಾರಿದ ನನಗೆ, ಅದಕ್ಕೆ ಎಷ್ಟು ಸಕ್ಕರೆ ಬೇಕಾದೀತೆಂದು ಗೊತ್ತಿರಲಿಲ್ಲ.