ಎರಡಕ್ಕೂ ಒಂದೇ ಬೆಳಕು

ಪ್ರಯೋಗಾಲಯದಲ್ಲಿ ಅವಳನ್ನು ಎಲ್ಲರೂ ಕತ್ತಲಕ್ಕ ಎಂದೇ ಕರೆಯುತ್ತಿದ್ದರು. ಸೂಕ್ಷ್ಮದರ್ಶಕವಿದ್ದ ಕೋಣೆಗೆ ಕಿಟಕಿ ಇರಲಿಲ್ಲ, ಕೆಲಸ ಮಾಡುವಾಗ ದೀಪ ಆರಿಸಲೇಬೇಕು, ಅವಳ ದಿನದ ಮುಕ್ಕಾಲು ಪಾಲು ಅಲ್ಲೇ ಕಳೆಯುತ್ತಿತ್ತು. ಊಟದ ಹೊತ್ತಿಗೆ ಕಣ್ಣು ಕಿರಿದು ಮಾಡಿಕೊಂಡು ಹೊರಗೆ ಬರುವಳು.

"ಅಕ್ಕ, ಮೇಲಿದೆಯಲ್ಲ, ಅದನ್ನ ಸೂರ್ಯ ಅಂತಾರೆ," ಎಂದು ಗಾಜಿನ ಸಾಮಾನು ತೊಳೆಯುವವನು ರೇಗಿಸುತ್ತಿದ್ದ.

"ಎಲ್ಲೋ ನೋಡಿದ ನೆನಪು," ಎನ್ನುತ್ತಿದ್ದಳು ಅವಳು.

ಅವಳು ಮಾಡುತ್ತಿದ್ದುದು ನಿತ್ಯಪುಷ್ಪದ ಗಿಡದಿಂದ ತೆಗೆದ ಔಷಧಿಯ ಮೇಲಿನ ಸಂಶೋಧನೆ. ಅದು ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆ, ಆದರೆ ಒಳ್ಳೆಯ ಕೋಶಗಳನ್ನೂ ಸುಮ್ಮನೆ ಬಿಡುವುದಿಲ್ಲ. ಅದನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಕಣದೊಳಗೆ ತುಂಬಿ ರೋಗದ ಕೋಶಕ್ಕಷ್ಟೇ ಮುಟ್ಟಿಸಬೇಕೆಂಬುದು ಅವಳ ಮಾರ್ಗದರ್ಶಕರ ಯೋಚನೆ. ಅವರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಕಣ ಎಲ್ಲಿಗೆ ಹೋಯಿತೆಂದು ತಿಳಿಯಲು ಅದರೊಳಗೆ ಹಸಿರಾಗಿ ಹೊಳೆಯುವ ಬಣ್ಣವನ್ನೂ ಸೇರಿಸುತ್ತಿದ್ದರು. ಕೋಶ ಹೊಳೆದರೆ ಕಣ ಒಳಹೊಕ್ಕಿದೆ ಎಂದರ್ಥ. ಅವಳ ಚಿತ್ರಗಳಲ್ಲಿ ಕೋಶಗಳು ಹಸಿರು ಗಾಜಿನ ಗುಂಡುಗಳಂತೆ ಹೊಳೆಯುತ್ತಿದ್ದವು.

ಆ ಚಿತ್ರಗಳಿದ್ದ ಲೇಖನವನ್ನು ಸಂಶೋಧನಾ ಪತ್ರಿಕೆಗೆ ಕಳಿಸಿದ್ದರು. ಅದು ಅಚ್ಚಾದರೆ ಅವಳಿಗೆ ಡಾಕ್ಟರೇಟ್ ಪದವಿ. ಹೆರಿಗೆಗೆಂದು ಅವಳು ಮನೆಯಲ್ಲಿ ಉಳಿದಾಗ ಮೇಷ್ಟ್ರು ಅವರಿವರ ಕೈಕಾಲು ಹಿಡಿದು ಅವಳ ಅವಧಿಯನ್ನು ಮುಂದೂಡಿಸಿದ್ದರು. ಮತ್ತೆ ಮುಂದೂಡುವ ದಾರಿ ಇರಲಿಲ್ಲ. ಅಂಥ ಹೊತ್ತಿನಲ್ಲಿ ಪತ್ರಿಕೆಯ ಪರಿಶೀಲಕರು ಒಂದು ಸಣ್ಣ ಪ್ರಶ್ನೆ ಕೇಳಿದರು: ಕಣವೇ ಇಲ್ಲದೆ ಬರೀ ಬಣ್ಣ ಹಾಕಿದ ಕೋಶಗಳ ಚಿತ್ರ ಎಲ್ಲಿ?

ಆ ಚಿತ್ರವನ್ನು ಯಾರೂ ತೆಗೆದಿರಲಿಲ್ಲ. ಬಣ್ಣ ತಾನಾಗಿ ಕೋಶದೊಳಗೆ ಹೋಗುವುದಿಲ್ಲ ಎಂದು ಹಿಂದಿದ್ದವರು ಹೇಳಿದ್ದರು, ಅವರಿಗೆ ಅವರ ಹಿಂದಿನವರು ಹೇಳಿದ್ದರು. ಯಾರೋ ಯಾವತ್ತೋ ನೋಡಿರುತ್ತಾರೆ ಎಂದು ಪ್ರತಿಯೊಬ್ಬರೂ ನಂಬಿಕೊಂಡಿದ್ದರು.

ಅವಳು ಬರೀ ಬಣ್ಣ ಹಾಕಿ ನೋಡಿದಳು. ಕೋಶಗಳು ಹೊಳೆದವು. ಕೈ ತಪ್ಪಿರಬೇಕೆಂದು ಚೆನ್ನಾಗಿ ತೊಳೆದು ಮತ್ತೆ ಮಾಡಿದಳು. ಅಷ್ಟೇ ಹಸಿರು, ಅದೇ ಹೊಳಪು. ಅಂದರೆ ಇಷ್ಟು ವರ್ಷ ಅವಳು ನೋಡಿದ್ದು ಬರೀ ಬಣ್ಣವನ್ನೇ ಇರಬಹುದು. ಔಷಧಿ ಹೊತ್ತ ಕಣ ಒಳಗೆ ಹೋಯಿತೋ ಹೊರಗೇ ಉಳಿಯಿತೋ, ಹೇಳುವಂತಿರಲಿಲ್ಲ.

ಮೇಷ್ಟ್ರು ಬಂದು ಪರದೆಯ ಮೇಲಿನ ಚಿತ್ರ ನೋಡಿದರು.

"ಕ್ಯಾಮೆರಾ ಎಕ್ಸ್‌ಪೋಷರ್ ಎಷ್ಟಿಟ್ಟಿದ್ದೀಯಮ್ಮ?"

"ಯಾವಾಗ್ಲೂ ಇಡೋವಷ್ಟೇ ಸರ್."

"ಸ್ವಲ್ಪ ಇಳಿಸು, ಬೆಳಕು ಕಮ್ಮಿ ತಗೊಳ್ಳಲಿ. ಬರೀ ಬಣ್ಣ ಅಲ್ವಾ, ಕಣ್ಣು ಕುಕ್ಕತ್ತೆ."

"ಇಳಿಸಿದ್ರೆ ಏನಿದ್ರೂ ಕಪ್ಪಾಗೇ ಕಾಣತ್ತೆ ಸರ್."

"ಕಾಣ್ಲಿ ಬಿಡು. ಒಂದು ಚಿತ್ರ ಅಷ್ಟೇ. ನಿಂತಿರೋದು ನಿನ್ನ ಪದವಿ, ನಂದಲ್ಲ." ಗದರಲಿಲ್ಲ. ಮಗಳಿಗೆ ಹೇಳುವಂತೆ ಹೇಳಿದರು. "ನಾಳೆ ಕಳಿಸಿಬಿಡೋಣ."

ಗದರಿದ್ದರೆ ಎದುರು ಮಾತಾದರೂ ಆಡಬಹುದಿತ್ತು. "ಆಯ್ತು ಸರ್," ಎಂದಳು.

ಸಂಜೆ ಮನೆಗೆ ಬಂದರೆ ಅತ್ತೆ ಖುಷಿಯಲ್ಲಿದ್ದರು. "ಕೆಳಗಿನ ಮನೆಯವಳು ಕೇಳ್ತಿದ್ಲು ಕಣೆ. ಅವಳ ಅಣ್ಣನಿಗೆ ಹುಷಾರಿಲ್ವಲ್ಲ, ಆಸ್ಪತ್ರೆ ಔಷಧಿಗೆ ತಲೆಕೂದಲೆಲ್ಲ ಉದುರ್ತಿದೆಯಂತೆ. ನಿಮ್ಮ ಸೊಸೆ ಔಷಧಿ ಯಾವಾಗ ಬರತ್ತೆ ಅಂದ್ಲು. ಈ ವರ್ಷವೇ ಅಂದುಬಿಟ್ಟೆ."

"ಯಾಕೆ ಹಾಗಂದ್ರಿ ಅತ್ತೆ?"

"ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ."

"ಇವಳ ಔಷಧಿ ಬರೋ ಹೊತ್ತಿಗೆ ರೋಗಕ್ಕೇ ವಯಸ್ಸಾಗಿ ಅದೇ ಸತ್ತಿರತ್ತೆ," ಎಂದ ಗಂಡ. ಮಗು ಅರ್ಥವಾಗದೆಯೂ ನಕ್ಕಿತು. ಅವಳೂ ನಕ್ಕಳು.

ಬೆಳಿಗ್ಗೆ ಕತ್ತಲ ಕೋಣೆಯ ಬಾಗಿಲು ಹಾಕಿಕೊಂಡಳು. ಬರೀ ಬಣ್ಣ ಹಾಕಿದ ಕೋಶಗಳಿದ್ದ ಗಾಜನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಎಕ್ಸ್‌ಪೋಷರ್ ಇಳಿಸುತ್ತ ಹೋದಳು. ಹಸಿರು ಮಂಕಾಯಿತು, ಆಮೇಲೆ ಪರದೆಯ ತುಂಬ ಕಪ್ಪು. ಎಷ್ಟು ಸುಲಭ ಅನ್ನಿಸಿ ಅವಳಿಗೆ ಭಯವಾಯಿತು. ಇನ್ನು ಈ ಕಪ್ಪಿನ ಪಕ್ಕ ಕಣದ ಹಳೆಯ ಹಸಿರು ಚಿತ್ರವನ್ನಿಟ್ಟರೆ ಮುಗಿಯಿತು. ಯಾರಿಗೂ ಅನುಮಾನ ಬಾರದು.

ಎರಡನ್ನು ಹೋಲಿಸಬೇಕಾದರೆ ಎರಡಕ್ಕೂ ಒಂದೇ ಬೆಳಕು ಇರಬೇಕು. ಅವಳು ಈ ಕೋಣೆಗೆ ಬಂದ ಮೊದಲ ದಿನ ಇದೇ ಕುರ್ಚಿಯ ಹಿಂದೆ ನಿಂತು ಮೇಷ್ಟ್ರೇ ಕಲಿಸಿದ್ದು ಅದು. ಅವಳು ಎಕ್ಸ್‌ಪೋಷರನ್ನು ಮತ್ತೆ ಏರಿಸಲಿಲ್ಲ. ಹಾಗೇ ಬಿಟ್ಟು, ಕಣ ಹಾಕಿದ ಗಾಜನ್ನು ಇಟ್ಟಳು. ಅದೂ ಕಪ್ಪು. ಎರಡನ್ನೂ ಮೇಷ್ಟ್ರಿಗೆ ಕಳಿಸಿದಳು.

ಅವರೇ ನಡೆದು ಬಂದರು. "ಎರಡೂ ಕಪ್ಪಾಗಿವೆಯಲ್ಲಮ್ಮ."

"ನೀವು ಹೇಳಿದ ಹಾಗೇ ಇಳಿಸಿದೆ ಸರ್. ಎರಡಕ್ಕೂ."

ಅವರು ಸ್ಟೂಲು ಎಳೆದುಕೊಂಡು ಕುಳಿತರು. "ಇದು ಹೋದ್ರೆ ನಿನ್ನ ಅವಧಿ ಮುಗೀತು. ಇನ್ನು ನನ್ನ ಕೈಯಲ್ಲಿ ಏನೂ ಇಲ್ಲ. ಗೊತ್ತು ತಾನೆ?"

"ಗೊತ್ತು ಸರ್."

"ನೆನ್ನೆಯೇ ಆಗಲ್ಲ ಅನ್ನಬಹುದಿತ್ತಲ್ಲ."

"ಬಾಯಿ ಬರಲಿಲ್ಲ ಸರ್."

ಅವರು ಎದ್ದು ಹೋದರು. ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಅವಳು ಎಕ್ಸ್‌ಪೋಷರನ್ನು ಎಂದಿನ ಜಾಗಕ್ಕೆ ಏರಿಸಿ ಎರಡೂ ಚಿತ್ರಗಳನ್ನು ಮತ್ತೆ ತೆಗೆದಳು. ಎರಡೂ ಸಮಸಮ ಹೊಳೆದವು. ಲೇಖನವನ್ನು ಹಿಂತೆಗೆದುಕೊಳ್ಳಲು ಇಷ್ಟು ಸಾಕು.

ಸಂಜೆ ಕೆಳಗಿನ ಮನೆಯ ಬಾಗಿಲು ತೆರೆದೇ ಇತ್ತು. ಅದರ ಮುಂದೆ ಹಾಯದೆ ಮೆಟ್ಟಿಲು ಸಿಗುವಂತಿರಲಿಲ್ಲ. ಆ ಮನೆಯಾಕೆ ಒಣಗಿದ ಬಟ್ಟೆ ಮಡಿಸುತ್ತಿದ್ದವಳು ತಲೆಯೆತ್ತಿದಳು.

"ಈಗ ಬಂದ್ಯಾ ತಂಗಿ? ನಿಮ್ಮತ್ತೆ ಹೇಳಿದ್ರು, ಈ ವರ್ಷವೇ ಬರತ್ತಂತೆ. ಅಣ್ಣ ಅಲ್ಲೀವರೆಗೆ ಆಸ್ಪತ್ರೆದು ಬೇಡ, ಕಾಯ್ತೀನಿ ಅಂತಿದಾನೆ."

ಅವಳ ಕಾಲು ನಿಂತಿತು. ಈ ಸಲ ಬಾಯಿ ಬಂತು.

"ಬರಲ್ಲಕ್ಕ. ಈ ವರ್ಷ ಅಲ್ಲ, ಬರತ್ತೋ ಇಲ್ವೋ ಅದೂ ಗೊತ್ತಿಲ್ಲ. ಆಸ್ಪತ್ರೆದು ನಿಲ್ಲಿಸಬೇಡಿ. ಅಣ್ಣ ಒಳಗಿದಾರಾ? ನಾನೇ ಹೇಳ್ತೀನಿ."

ಚಪ್ಪಲಿ ಕಳಚಿಟ್ಟು ಅವಳು ಒಳಗೆ ಹೋದಳು.